ಕರಾಚೂರಿ ನಂಜರಾಜಯ್ಯ: ಪಾಠಯೋಜನೆಯ ಒಂದು ಸಾಲಿನಲ್ಲಿ ಹಿಡಿಸದ ಬದುಕು

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಆದರೂ ಬೋಧನಾಭ್ಯಾಸದ ಮೂರನೆಯ ವಾರದಲ್ಲಿ, ಆನೇಕಲ್ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ, ಸಮಾಜ ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಹತ್ತನೆಯ ತರಗತಿಯ ಅವರ ಅವಧಿ ನನ್ನ ಪಾಲಿಗೆ ಬಂತು. ಹೈದರಾಲಿಯ ಏಳಿಗೆಯ ಪಾಠ. ಆತುರದಲ್ಲಿ ಬರೆದ ಪಾಠಯೋಜನೆಯಲ್ಲಿ ಹಿನ್ನೆಲೆಗೆಂದು ಒಂದೇ ಸಾಲು ಇತ್ತು: ಅರಸ ದುರ್ಬಲನಾಗಿದ್ದ, ದಳವಾಯಿಗಳು ಪ್ರಬಲರಾದರು, ಅವರನ್ನು ಬದಿಗೊತ್ತಿ ಹೈದರಾಲಿ ಬಂದ. ಕಪ್ಪುಹಲಗೆಯ ಮೇಲೆ ಮೂರು ಚೌಕ, ನಡುವೆ ಎರಡು ಬಾಣ. ವಿಜ್ಞಾನದವಳಾದ ನನಗೆ ಅದು ಬಹಳ ಚೊಕ್ಕಟವಾಗಿ ಕಂಡಿತು.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ಅರಸನೂ ಇದ್ದ, ದಳವಾಯಿಯೂ ಇದ್ದ, ಇಬ್ಬರೂ ಸೇರಿ ಒಬ್ಬ ಸವಾರನನ್ನು ತಡೆಯಲು ಯಾಕೆ ಆಗಲಿಲ್ಲ ಎಂದು ಕೇಳಿದಳು. ಅರಸ ದುರ್ಬಲನಲ್ಲವೇನಮ್ಮ ಎಂದೆ. ಕುಳಿತಳು, ಮುಖ ಮಾತ್ರ ಒಪ್ಪಿದಂತಿರಲಿಲ್ಲ. ಪಕ್ಕದ ಸಾಲಿನ ಹುಡುಗ, ನಮ್ಮೂರಲ್ಲೂ ಎರಡು ಮನೆಯವರದ್ದು ಹೀಗೇ ಮಿಸ್ ಎಂದು ಪಂಚಾಯ್ತಿ ವಿಚಾರ ತೆಗೆದ. ಮಾರ್ಗದರ್ಶಕರು ಹಿಂದೆ ಕುಳಿತು ಅವಲೋಕನ ಪತ್ರ ತುಂಬುತ್ತಿದ್ದರು. ತರಗತಿಯಲ್ಲಿ ರಾಜಕೀಯ ಬೇಡ ಎಂದು ಅವನ ಬಾಯಿ ಮುಚ್ಚಿಸಿಬಿಟ್ಟೆ. ನನಗೆ ಉತ್ತರ ಗೊತ್ತಿರಲಿಲ್ಲ, ಅಷ್ಟೆ. ಆಮೇಲೆ ಗ್ರಂಥಾಲಯದಲ್ಲಿ ಹುಡುಕಿ ಓದಿಕೊಂಡ ಒಬ್ಬ ವ್ಯಕ್ತಿಯ ಬದುಕು ಇದು. ಅದೇ ಪಾಠ ಮುಂದೆ ನಿಮ್ಮಲ್ಲಿ ಯಾರದೋ ಪಾಲಿಗೂ ಬರುತ್ತದೆ ಎಂದು ಬರೆಯುತ್ತಿದ್ದೇನೆ.

ಕರಾಚೂರಿ ನಂಜರಾಜಯ್ಯ ಕಳಲೆ ಮನೆತನದವನು. ಕಳಲೆ ನಂಜನಗೂಡಿನ ಹತ್ತಿರದ ಊರು. ಮೈಸೂರಿನ ಒಡೆಯರೂ ಕಳಲೆಯವರೂ ಅರಸು ಮನೆತನಗಳೇ. ಹೆಣ್ಣು ಕೊಟ್ಟು ತಂದು ನಂಟಸ್ತಿಕೆ ಬೆಳೆಸಿದವರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರ ಕಾಲದಲ್ಲಿ ಎರಡೂ ಮನೆಗಳ ನಡುವೆ ಒಂದು ಒಪ್ಪಂದವಾಯಿತೆಂದು ಪರಂಪರೆ ಹೇಳುತ್ತದೆ: ಸಿಂಹಾಸನ ಮೈಸೂರು ಮನೆಗೆ, ಸೈನ್ಯದ ದಳವಾಯಿ ಪದವಿ ಕಳಲೆ ಮನೆಗೆ. ರಣಧೀರ ಕಂಠೀರವ, ಚಿಕ್ಕದೇವರಾಜರಂಥವರು ಆಳುವಾಗ ದಳವಾಯಿ ಅರಸನ ಮಾತು ಮೀರುವಂತಿರಲಿಲ್ಲ. 1704ರಲ್ಲಿ ಚಿಕ್ಕದೇವರಾಜ ತೀರಿಕೊಂಡ ಮೇಲೆ ತೂಕ ಬದಲಾಯಿತು. ಮುಂದಿನ ಅರಸನಿಗೆ ಮಾತು ಬರುತ್ತಿರಲಿಲ್ಲ, ಜನ ಅವನನ್ನು ಮೂಕರಸು ಎಂದರು. ಅವನ ಮಗ ದೊಡ್ಡ ಕೃಷ್ಣರಾಜನ ಕಾಲಕ್ಕೆ ಖಜಾನೆ, ಸೈನ್ಯ ಎರಡೂ ದಳವಾಯಿಗಳ ಕೈಯಲ್ಲಿದ್ದವು.

ನಮ್ಮ ಕಡೆಯ ಮಕ್ಕಳಿಗೆ ಇಲ್ಲೊಂದು ಕೊಂಡಿ ಸಿಗುತ್ತದೆ. ವಿಮಾನ ನಿಲ್ದಾಣ, ಬಸ್ ನಿಲ್ದಾಣ, ಮೆಟ್ರೊ ನಿಲ್ದಾಣಗಳಲ್ಲಿ ಅವರು ದಿನಾ ಓದುವ ಹೆಸರು ಕೆಂಪೇಗೌಡರದು. ಆ ಮನೆತನದ ಆಳ್ವಿಕೆ ಮುಗಿದದ್ದು ಮೊಗಲರಿಂದಲೂ ಅಲ್ಲ, ಬ್ರಿಟಿಷರಿಂದಲೂ ಅಲ್ಲ. 1728ರಲ್ಲಿ ಮಾಗಡಿ ಮತ್ತು ಸಾವನದುರ್ಗವನ್ನು ಹಿಡಿದು, ಆ ವಂಶದ ಕೊನೆಯ ದೊರೆಯನ್ನು ಶ್ರೀರಂಗಪಟ್ಟಣದ ಸೆರೆಗೆ ಸಾಗಿಸಿದವನು ಕಳಲೆಯ ದಳವಾಯಿ ದೇವರಾಜಯ್ಯ. ನಮ್ಮ ಕಥಾನಾಯಕನ ಅಣ್ಣ.

1732ರಲ್ಲಿ ದೊಡ್ಡ ಕೃಷ್ಣರಾಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಬಂದ ಚಾಮರಾಜ ಒಡೆಯ ಆಳಿದ್ದು ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಅಷ್ಟೆ. ದಳವಾಯಿಯ ಕಡೆಯವರನ್ನು ದೂರವಿಟ್ಟು ತನ್ನವರನ್ನು ಹತ್ತಿರ ಮಾಡಿಕೊಂಡದ್ದೇ ಅವನ ತಪ್ಪಾಯಿತು. 1734ರಲ್ಲಿ ಅವನನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಕನಕಪುರ ತಾಲ್ಲೂಕಿನ ಆ ಬೋಳು ಬಂಡೆಯ ಬೆಟ್ಟಕ್ಕೆ ಇವತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳವರು ಭಾನುವಾರ ಚಾರಣಕ್ಕೆ ಹೋಗುತ್ತಾರೆ. ಒಬ್ಬ ಅರಸ ಅಲ್ಲೇ ಸೆರೆಯಲ್ಲಿ ಸತ್ತ. ಅವನ ಜಾಗಕ್ಕೆ ಸುಮಾರು ಐದು ವರ್ಷದ ಒಬ್ಬ ಹುಡುಗನನ್ನು ತಂದು ಇಮ್ಮಡಿ ಕೃಷ್ಣರಾಜ ಒಡೆಯ ಎಂದು ಪಟ್ಟ ಕಟ್ಟಿದರು. ನಾನು ತರಗತಿಯಲ್ಲಿ ದುರ್ಬಲ ಎಂದು ಕರೆದ ಅರಸ ಇವನೇ. ಐದು ವರ್ಷದ ಮಗುವನ್ನು ದುರ್ಬಲ ಎಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಪಟ್ಟಕ್ಕೆ ಮಗುವನ್ನು ಆರಿಸಿದವರು ಲೆಕ್ಕ ಹಾಕಿಯೇ ಆರಿಸಿದ್ದರು.

ನಂಜರಾಜಯ್ಯ ಮುಂದೆ ಬಂದದ್ದು 1739ರಲ್ಲಿ. ಅದೇ ಮನೆತನದ, ಅದೇ ಹೆಸರಿನ ಹಿರಿಯನೊಬ್ಬ ಸರ್ವಾಧಿಕಾರಿಯಾಗಿದ್ದ. ಅವನ ನಂತರ ಆ ಪದವಿ ಇವನಿಗೆ ಬಂತು. ಅಣ್ಣ ದಳವಾಯಿ, ತಮ್ಮ ಸರ್ವಾಧಿಕಾರಿ. ಸೈನ್ಯವೂ ಹಣವೂ ಒಂದೇ ಮನೆಯಲ್ಲಿ ಉಳಿದವು. ಹುಡುಗ ಅರಸ ಬೆಳೆದಾಗ ನಂಜರಾಜಯ್ಯ ತನ್ನ ಮಗಳನ್ನೇ ಅವನಿಗೆ ಮದುವೆ ಮಾಡಿಕೊಟ್ಟ. ಜಪಾನಿನ ಫುಜಿವಾರಾ ಮನೆತನವೂ ಚಕ್ರವರ್ತಿಗಳಿಗೆ ಹೆಣ್ಣು ಕೊಟ್ಟು, ಮಾವಂದಿರೂ ಅಜ್ಜಂದಿರೂ ಆಗಿ ತಲೆಮಾರುಗಳ ಕಾಲ ದೇಶ ಆಳಿತ್ತು. ನಂಜರಾಜಯ್ಯನ ಕಾಲದಲ್ಲೇ ಮರಾಠರಲ್ಲಿ ಸತಾರದ ಛತ್ರಪತಿ ಹೆಸರಿಗೆ, ಪುಣೆಯ ಪೇಶ್ವೆ ಕೆಲಸಕ್ಕೆ ಎಂಬಂತಾಗಿತ್ತು. ಹಾಗಾಗಿ ಮೈಸೂರಿನಲ್ಲಿ ನಡೆದದ್ದು ಲೋಕದಲ್ಲಿಲ್ಲದ್ದೇನಲ್ಲ.

ಇಲ್ಲಿ ಒಂದು ಬೋಧನೋಪಕರಣದ ಮಾತು. ಈ ಭಾಗಕ್ಕೆ ಕಾಲರೇಖೆ ಸಾಲದು. ಡ್ರಾಯಿಂಗ್ ಶೀಟಿನ ಮೇಲೆ ಎರಡು ವಂಶವೃಕ್ಷ ಬರೆದು, ಮದುವೆಗೆ ಕೆಂಪು ದಾರ, ಪದವಿಗೆ ನೀಲಿ ದಾರ ಅಂಟಿಸಿ ನೋಡಿ. 1750ರ ಹೊತ್ತಿಗೆ ಅರಮನೆಯ ಕಡೆಗೆ ಹೋಗುವ ದಾರಗಳೆಲ್ಲ ಕಳಲೆಯಿಂದಲೇ ಹೊರಟಿರುತ್ತವೆ.

1749ರಲ್ಲಿ ನಂಜರಾಜಯ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದ. ಅದು ಆವತಿ ನಾಡಪ್ರಭುಗಳ ವಂಶದ ಪಾಳೆಯಗಾರನ ಕೈಯಲ್ಲಿತ್ತು. ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಮೈಸೂರಿನ ದಂಡಿನಲ್ಲಿ ಶಹಬಾಜ್ ಎಂಬ ಅಧಿಕಾರಿಯಿದ್ದ. ಅವನ ತಮ್ಮ ತನ್ನಷ್ಟಕ್ಕೆ ತಾನೇ ಬಂದು ಕುದುರೆ ಏರಿ ಕಾದಾಡುತ್ತಿದ್ದ. ಅವನ ಧೈರ್ಯ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಐವತ್ತು ಕುದುರೆ, ಇನ್ನೂರು ಕಾಲಾಳುಗಳ ಮೇಲೆ ಅಧಿಕಾರ ಕೊಟ್ಟ. ಆ ಸವಾರ ಹೈದರಾಲಿ.

ಆಮೇಲೆ ತಿರುಚಿರಾಪಳ್ಳಿಯ ದುಡುಕು. ಆರ್ಕಾಟಿನ ನವಾಬಗಿರಿಗೆ ಮುಹಮ್ಮದ್ ಅಲಿ ಮತ್ತು ಚಂದಾ ಸಾಹೇಬರ ನಡುವೆ ಜಗಳ. ಒಬ್ಬನ ಬೆನ್ನಿಗೆ ಇಂಗ್ಲಿಷರು, ಇನ್ನೊಬ್ಬನ ಬೆನ್ನಿಗೆ ಫ್ರೆಂಚರು. ಸಹಾಯ ಮಾಡಿದರೆ ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಮುಹಮ್ಮದ್ ಅಲಿ ಮಾತು ಕೊಟ್ಟ. ಅಣ್ಣ ದೇವರಾಜಯ್ಯನಿಗೆ ಈ ಸಾಹಸ ಇಷ್ಟವಿರಲಿಲ್ಲ, ತಮ್ಮ ಹೊರಟೇಬಿಟ್ಟ. 1752ರಲ್ಲಿ ಚಂದಾ ಸಾಹೇಬ ಕೊಲೆಯಾದ, ಮುಹಮ್ಮದ್ ಅಲಿ ಗೆದ್ದ, ಊರು ಮಾತ್ರ ಕೊಡಲಿಲ್ಲ. ನಂಜರಾಜಯ್ಯ ಶ್ರೀರಂಗದಲ್ಲಿ ಬೀಡುಬಿಟ್ಟು, ಪಕ್ಷ ಬದಲಿಸಿ ಫ್ರೆಂಚರ ಕಡೆ ಸೇರಿ, 1755ರವರೆಗೆ ಕಾದು ಬರಿಗೈಯಲ್ಲಿ ಮರಳಿದ. ಮೂರು ವರ್ಷದ ದಂಡಿನ ಖರ್ಚೆಲ್ಲ ಮೈಸೂರಿನದು. ಅವನು ಹೊರಗಿದ್ದಾಗಲೇ ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣಕ್ಕೆ ಬಂದು ಕಪ್ಪ ಕೇಳಿದ. ಖಜಾನೆ ಬರಿದಾಗಿತ್ತು. ದೇವರಾಜಯ್ಯ ದೇವಸ್ಥಾನಗಳ ಬೆಳ್ಳಿ ಬಂಗಾರ, ಅರಮನೆಯ ಒಡವೆಗಳನ್ನು ತೆಗೆದು ಕೊಡಬೇಕಾಯಿತು.

ಸಂಬಳ ಬಾರದ ಸೈನಿಕರು, ಒಡವೆ ಕಳೆದುಕೊಂಡ ಅರಮನೆ, ಮುನಿಸಿಕೊಂಡ ಅಣ್ಣ. ಇಷ್ಟರ ನಡುವೆ 1756ರಲ್ಲಿ ನಡೆದದ್ದು ಅವನ ಬದುಕಿನ ಅತ್ಯಂತ ಕೆಟ್ಟ ಪ್ರಸಂಗ. ಅರಸನಿಗೆ ಆಗ ಇಪ್ಪತ್ತು ದಾಟಿತ್ತು. ದೊಡ್ಡ ಕೃಷ್ಣರಾಜನ ವಿಧವೆಯಾದ ಹಿರಿಯ ಮಹಾರಾಣಿಯೂ ಅರಮನೆಯ ಕೆಲವರೂ ಸೇರಿ ಸೋದರರನ್ನು ತೆಗೆದುಹಾಕುವ ಯೋಚನೆ ಮಾಡಿದರು. ಸುದ್ದಿ ಬಯಲಾಯಿತು. ನಂಜರಾಜಯ್ಯ ಅರಮನೆಯ ಮೇಲೆ ಫಿರಂಗಿ ಹಾರಿಸಿ ಬಾಗಿಲು ಒಡೆಸಿದ. ಅರಸನ ಕಡೆಯವರನ್ನು ಹಿಡಿದು ಅರಸನ ಕಣ್ಣೆದುರೇ ಮೂಗು, ಕಿವಿ ಕೊಯ್ಯಿಸಿದ. ಒಳಗೆ ಕೂತು ಆ ಗುಂಡಿನ ಸದ್ದು ಕೇಳಿದವರಲ್ಲಿ ಅವನ ಅಳಿಯನೇ ಇದ್ದ. ದೇವರಾಜಯ್ಯ ಇದನ್ನು ತಡೆದುಕೊಳ್ಳಲಾರದೆ ತಮ್ಮನನ್ನು ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದ. ಎರಡು ಮನೆಗಳ ಜಗಳ ಈಗ ಒಂದು ಮನೆಯ ಒಳಗೂ ಬಂದಿತ್ತು.

ಹೊರಗಿನವರಿಗೆ ಇಂಥ ಸುದ್ದಿ ಬೇಗ ಮುಟ್ಟುತ್ತದೆ. 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನ ಸೈನ್ಯ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತಿತು. ಕೊಡಲು ನಗದು ಇಲ್ಲದೆ ಸೀಮೆಗಳನ್ನೇ ಒತ್ತೆ ಇಡಬೇಕಾಯಿತು. ಸೀಮೆ ಹೋದ ಮೇಲೆ ಕಂದಾಯ ಎಲ್ಲಿಂದ, ಸಂಬಳ ಎಲ್ಲಿಂದ? ಸೈನಿಕರು ನಂಜರಾಜಯ್ಯನ ಮನೆ ಬಾಗಿಲಲ್ಲಿ ಧರಣಿ ಕುಳಿತರು. ಧರಣಿ ಎಂದರೆ ಆಗ ಫಲಕ ಹಿಡಿದು ಕೂರುವುದಲ್ಲ. ಒಳಗಿದ್ದವನಿಗೆ ಅನ್ನ ನೀರು ಹೋಗದಂತೆ ಬಾಗಿಲು ಕಟ್ಟುವುದು.

ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರಾಲಿ ಈಗ ಬಂದ. ಬರುವಾಗ ಅವನ ಬಳಿ ಎರಡು ವಸ್ತುಗಳಿದ್ದವು: ಸಂಬಳ ಬಾಕಿ ಇಲ್ಲದ ಒಂದು ಸೈನ್ಯ, ಮತ್ತು ಲೆಕ್ಕ ಬಲ್ಲ ಖಂಡೇರಾಯನೆಂಬ ಮುತ್ಸದ್ದಿ. ಅಣ್ಣತಮ್ಮಂದಿರನ್ನು ರಾಜಿ ಮಾಡಿಸಿದ. ದೇವರಾಜಯ್ಯ ಊರಿಗೆ ಮರಳಿ ಕೆಲವೇ ದಿನಗಳಲ್ಲಿ ತೀರಿಕೊಂಡ, ಅದು 1758. ಖಂಡೇರಾಯ ಸೈನಿಕರ ಬಾಕಿ ಲೆಕ್ಕ ತಪಾಸಣೆ ಮಾಡಿದ, ಹೈದರಾಲಿ ಅರಮನೆಯ ಆನೆ ಕುದುರೆ ಸಮೇತ ಹಂಚಿ ತೀರಿಸಿದ. ಈ ಉಪಕಾರಕ್ಕೆ ಸಿಕ್ಕ ಜಹಗೀರು ಬೆಂಗಳೂರು. ಯಾರದು ಆ ಬೆಂಗಳೂರು ಎಂದು ಕೇಳಿದರೆ ಅರಸನದು ಎನ್ನಬೇಕು, ಕೊಡಿಸಿದವನು ನಂಜರಾಜಯ್ಯ.

ಇಲ್ಲಿಂದ ಮುಂದಿನ ಮೂರು ವರ್ಷ ಆ ಹುಡುಗಿಯ ಪ್ರಶ್ನೆಗೆ ಉತ್ತರ. ಅರಮನೆಗೆ ನಂಜರಾಜಯ್ಯನ ಮೇಲೆ 1756ರ ಸೇಡು ಇತ್ತು. ತೀರಿಸಲು ಸ್ವಂತ ಸೈನ್ಯ ಇರಲಿಲ್ಲ. ಹಿರಿಯ ಮಹಾರಾಣಿ ಮತ್ತು ಖಂಡೇರಾಯರ ನಡುವೆ ಮಾತುಕತೆ ನಡೆದು, 1759ರಲ್ಲಿ ಒಂದು ನಾಟಕ ಏರ್ಪಟ್ಟಿತು. ಸೈನಿಕರು ಬಾಕಿ ಸಂಬಳಕ್ಕೆಂದು ಈ ಸಲ ಹೈದರಾಲಿಯ ಬಾಗಿಲಲ್ಲಿ ಧರಣಿ ಕುಳಿತರು. ಸೀಮೆಗಳ ಆದಾಯ ನನ್ನ ಕೈಯಲ್ಲಿಲ್ಲ, ಸರ್ವಾಧಿಕಾರಿಯದು ಎಂದು ಅವನು ಹೇಳಿದ. ಹಾಗಾದರೆ ನೀನೇ ಬಂದು ಕೇಳು ಎಂದು ಅವರು ಅವನನ್ನು ಎಬ್ಬಿಸಿಕೊಂಡು ನಂಜರಾಜಯ್ಯನ ಮನೆಗೆ ಹೋದರು. ತಾನು ಬೆಳೆಸಿದ ಸವಾರನೇ ಧರಣಿಯವರ ನಡುವೆ ಕೂತಿರುವುದನ್ನು ಕಂಡ ನಂಜರಾಜಯ್ಯನಿಗೆ ಎಲ್ಲ ಅರ್ಥವಾಯಿತು. ಅಧಿಕಾರ ಬಿಟ್ಟುಕೊಟ್ಟ. ಮೈಸೂರಿನಲ್ಲಿ ಸ್ವಲ್ಪ ಕಾಲ ಕಾಲೂರಲು ನೋಡಿದ. ಹೈದರಾಲಿ ಅಲ್ಲಿಗೂ ಮುತ್ತಿಗೆ ಹಾಕಿದ ಮೇಲೆ ಕೊಣನೂರಿಗೆ ಹೋಗಿ ನೆಲೆಸಿದ.

ಅರಮನೆ ಗೆದ್ದೆನೆಂದುಕೊಂಡಿತು. ವರ್ಷ ಕಳೆಯುವುದರೊಳಗೆ, ನಂಜರಾಜಯ್ಯನ ಕೈಯಲ್ಲಿದ್ದದ್ದೆಲ್ಲ ಹೈದರಾಲಿಯ ಕೈಗೆ ಹೋಗಿರುವುದು ಕಂಡಿತು. ಮತ್ತೆ ಅದೇ ಉಪಾಯ: ಖಂಡೇರಾಯನನ್ನು ಹೈದರಾಲಿಯ ವಿರುದ್ಧ ತಿರುಗಿಸಿ, ಮರಾಠರ ದಂಡನ್ನೂ ಕರೆಸಿದರು. 1760ರ ಆಗಸ್ಟ್‌ನಲ್ಲಿ, ಹೈದರಾಲಿಯ ಸೈನ್ಯದ ದೊಡ್ಡ ಭಾಗ ದೂರದಲ್ಲಿದ್ದಾಗ, ಶ್ರೀರಂಗಪಟ್ಟಣದ ಕೋಟೆಯಿಂದ ಅವನ ಬೀಡಿನ ಮೇಲೆ ಫಿರಂಗಿಗಳು ಹಾರಿದವು. ಮಗ ಟಿಪ್ಪುವನ್ನೂ ಮನೆಯವರನ್ನೂ ಹಿಂದೆಯೇ ಬಿಟ್ಟು, ರಾತ್ರಿಯಲ್ಲಿ ಕೆಲವೇ ಸವಾರರೊಡನೆ ತುಂಬಿದ ಕಾವೇರಿ ದಾಟಿ ಅವನು ಓಡಿ ಬಂದದ್ದು ಎಲ್ಲಿಗೆ ಗೊತ್ತೆ? ನಮ್ಮ ಆನೇಕಲ್ಲಿಗೆ. ಅಲ್ಲಿ ಅವನ ಭಾವಮೈದುನನ ಅಧಿಕಾರವಿತ್ತು. ಆನೇಕಲ್ಲಿನಿಂದ ಬೆಂಗಳೂರು ಸೇರಿ ಮತ್ತೆ ಸೈನ್ಯ ಕೂಡಿಸತೊಡಗಿದ. ನಾನು ಪಾಠ ಮಾಡುವಾಗ ಇಷ್ಟು ತಿಳಿದಿದ್ದರೆ! ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳು, ಕಲಬುರಗಿ ರಾಯಚೂರಿನಿಂದ ಬಂದು ಚಂದಾಪುರದ ಬಾಡಿಗೆ ಮನೆಗಳಲ್ಲಿರುವವರ ಮಕ್ಕಳು ಕೂತಿದ್ದ ಆ ತರಗತಿಯಲ್ಲಿ ಮೈಸೂರು ರಾಜ್ಯದ ಚರಿತ್ರೆಯ ಒಂದು ತಿರುವು ತಾವು ಬಸ್ ಹತ್ತುವ ಊರಿನಲ್ಲೇ ನಡೆಯಿತೆಂದು ಹೇಳಬಹುದಿತ್ತು.

ಬೆಂಗಳೂರಿನಿಂದ ದಂಡೆತ್ತಿ ಹೋದ ಹೈದರಾಲಿ ನಂಜನಗೂಡಿನ ಬಳಿ ಖಂಡೇರಾಯನಿಂದ ಸೋತ. ದಾರಿ ಕಾಣದಾಗ ಅವನು ಹೋದದ್ದು ಕೊಣನೂರಿಗೆ. ಆಯುಧವಿಲ್ಲದೆ ಹೋಗಿ, ಯಾರನ್ನು ಹೊರಹಾಕಿದ್ದನೋ ಅವನ ಮುಂದೆ ನಿಂತು ತಪ್ಪೊಪ್ಪಿಕೊಂಡ; ಮತ್ತೆ ನಿನ್ನ ಸೇವಕನಾಗಿರುತ್ತೇನೆ, ನಿನ್ನ ಅಧಿಕಾರ ನಿನಗೆ ಬರುವಂತೆ ಮಾಡುತ್ತೇನೆ ಎಂದ. ನಂಜರಾಜಯ್ಯ ಒಪ್ಪಿದ.

ಯಾಕೆ ಒಪ್ಪಿದ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಹೈದರಾಲಿಯನ್ನು ಅವನು ನಂಬಿದ ಎಂದು ಅನ್ನಿಸುವುದಿಲ್ಲ. ಎದುರು ಪಕ್ಷದಲ್ಲಿ ಇದ್ದದ್ದು ಅರಮನೆ. ಆ ಅರಮನೆಯ ಜೊತೆಗಿನ ಲೆಕ್ಕ ಅವನಿಗೆ 1756ರಲ್ಲಿ ಮುಗಿದಿರಲಿಲ್ಲ, 1759ರಲ್ಲಂತೂ ಇನ್ನೂ ಬೆಳೆದಿತ್ತು. ಕೊಣನೂರಿನಲ್ಲಿ ಸುಮ್ಮನೆ ಕೂತಿದ್ದರೆ ಹೈದರಾಲಿ ಬಹುಶಃ ಅಲ್ಲಿಗೇ ಮುಗಿಯುತ್ತಿದ್ದ. ಆಗ ಗೆಲ್ಲುವವರು ಒಡೆಯರ ಮನೆಯವರು. ಅದನ್ನು ಮಾತ್ರ ಕಳಲೆಯವನಿಂದ ನೋಡಲಾಗಲಿಲ್ಲ ಎಂಬುದು ನನ್ನ ಊಹೆ. ಓದುಗರು ಬೇರೆ ಉತ್ತರ ಕಂಡುಕೊಂಡರೆ ವಾದಕ್ಕೆ ಬರಲಾರೆ.

ಸೈನ್ಯಕ್ಕಿಂತ ಹೆಚ್ಚಾಗಿ ಹೈದರಾಲಿಗೆ ಬೇಕಾಗಿದ್ದದ್ದು ನಂಜರಾಜಯ್ಯನ ಹೆಸರು. ಖಂಡೇರಾಯನ ದಂಡು ಕಟ್ಟೆಮಳಲವಾಡಿಯ ಬಳಿ ಅವನನ್ನು ಸುತ್ತುಗಟ್ಟುವಂತಾದಾಗ, ಖಂಡೇರಾಯನ ಸರದಾರರಿಗೇ ಬರೆದಂತೆ ಪತ್ರಗಳನ್ನು ಹುಟ್ಟುಹಾಕಿ ನಂಜರಾಜಯ್ಯನ ಮುದ್ರೆ ಒತ್ತಿದರು. ಮೊದಲೇ ಒಪ್ಪಿದಂತೆ ಖಂಡೇರಾಯನನ್ನು ಹಿಡಿದುಕೊಟ್ಟರೆ ಇನಾಮು ಸಿಗುತ್ತದೆ ಎಂಬ ಅರ್ಥದ ಪತ್ರಗಳು. ಅವು ಖಂಡೇರಾಯನ ಕೈಗೇ ಸಿಗುವಂತೆ ನೋಡಿಕೊಂಡರು. ಅವನು ತನ್ನವರನ್ನೇ ನಂಬಲಾರದೆ ಕುದುರೆ ಏರಿ ಶ್ರೀರಂಗಪಟ್ಟಣಕ್ಕೆ ಓಡಿದ. ನಾಯಕನಿಲ್ಲದ ದಂಡು ಚದುರಿತು. ಆ ಮುದ್ರೆಯನ್ನು ಕಂಡರೆ ಮೈಸೂರಿನ ಸರದಾರರು ಆಗಲೂ ತಲೆಬಾಗುತ್ತಾರೆ ಎಂಬ ನಂಬಿಕೆಯ ಮೇಲೆ ಈ ಉಪಾಯ ನಿಂತಿತ್ತು.

1761ರಲ್ಲಿ ಹೈದರಾಲಿ ಶ್ರೀರಂಗಪಟ್ಟಣ ಸೇರಿದ. ಅರಸನ ಖರ್ಚಿಗೆ ಮೂರು ಲಕ್ಷ ಆದಾಯದ ಸೀಮೆ, ನಂಜರಾಜಯ್ಯನಿಗೆ ಒಂದು ಲಕ್ಷದ್ದು, ಉಳಿದ ರಾಜ್ಯವೆಲ್ಲ ತನ್ನ ಆಡಳಿತಕ್ಕೆ. ಸರ್ವಾಧಿಕಾರಿಯ ಪದವಿ ಹಿಂತಿರುಗಿ ಬರಲಿಲ್ಲ. ಖಂಡೇರಾಯನನ್ನು ಉಳಿಸೆಂದು ಅರಮನೆಯ ಹೆಂಗಸರು ಬೇಡಿದಾಗ, ಗಿಳಿಯಂತೆ ಸಾಕುತ್ತೇನೆ ಎಂದು ಹೇಳಿ ಬೆಂಗಳೂರಿನಲ್ಲಿ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂಬ ಕಥೆ ಎಲ್ಲರಿಗೂ ಗೊತ್ತಿದೆ. ಮಕ್ಕಳು ಈ ಪಂಜರವನ್ನು ಮರೆಯುವುದಿಲ್ಲ. ಆದರೆ ಪಾಠ ಅಲ್ಲಿಗೇ ನಿಂತುಬಿಡುವ ಅಪಾಯವೂ ಇದೆ.

ನಂಜರಾಜಯ್ಯನನ್ನು ಬರೀ ಅಧಿಕಾರದಾಸೆಯವನೆಂದು ಬರೆದರೆ ಅರ್ಧ ಬಿಟ್ಟಂತೆ. ಅವನು ಶಿವಭಕ್ತ, ಕನ್ನಡ ಸಂಸ್ಕೃತ ಎರಡನ್ನೂ ಬಲ್ಲವನು. ಕಕುದ್ಗಿರಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯ ಮುಂತಾದ ಕನ್ನಡ ಕೃತಿಗಳು ಅವನ ಹೆಸರಿನಲ್ಲಿವೆ; ಸಂಸ್ಕೃತದಲ್ಲಿ ಸಂಗೀತ ಗಂಗಾಧರವಿದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ ದೊಡ್ಡದಾಗಿ ಬೆಳೆದದ್ದರಲ್ಲಿ ಅವನ ಪಾಲಿದೆ. ಅವನ ಆಶ್ರಯದ ನೃಸಿಂಹಕವಿ ಬರೆದ ಅಲಂಕಾರ ಗ್ರಂಥದ ಹೆಸರು ನಂಜರಾಜಯಶೋಭೂಷಣ. ಇಂಥ ಗ್ರಂಥಗಳಲ್ಲಿ ಲಕ್ಷಣ ಹೇಳಿ, ಉದಾಹರಣೆ ಪದ್ಯಗಳಲ್ಲಿ ಆಶ್ರಯದಾತನನ್ನು ಹೊಗಳುವುದು ರೂಢಿ. ಇದಕ್ಕೆ ಮಾದರಿಯಾದ ಹಳೆಯ ಗ್ರಂಥದಲ್ಲಿ ಹೊಗಳಿಸಿಕೊಂಡವನು ಓರುಗಲ್ಲಿನ ದೊರೆ ಪ್ರತಾಪರುದ್ರ. ಇಲ್ಲಿ ಆ ಜಾಗದಲ್ಲಿ ಮೈಸೂರಿನ ಅರಸನಿಲ್ಲ, ಅವನ ಸರ್ವಾಧಿಕಾರಿ ಇದ್ದಾನೆ. ಸಿಂಹಾಸನದ ಮೇಲೆ ಕೂರದಿದ್ದರೂ ಕಾವ್ಯದಲ್ಲಿ ದೊರೆಯಾದ.

ಇಮ್ಮಡಿ ಕೃಷ್ಣರಾಜ 1766ರಲ್ಲಿ ತೀರಿಕೊಂಡ. ಆಮೇಲೆ ನಂಜರಾಜಯ್ಯ ಹೊರಗಿನವರೊಡನೆ ಒಳಸಂಚು ನಡೆಸುತ್ತಿದ್ದಾನೆಂಬ ಅನುಮಾನ ಹೈದರಾಲಿಗೆ ಬಂತು. ಸಲಹೆಗೆಂದು ಗೌರವದಿಂದ ಶ್ರೀರಂಗಪಟ್ಟಣಕ್ಕೆ ಕರೆಸಿದ. ಬಂದವನನ್ನು ಕಾವಲಿನಲ್ಲಿಟ್ಟು, ಸೀಮೆ ಕಿತ್ತುಕೊಂಡು, ಹೊಟ್ಟೆಬಟ್ಟೆಗಾಗುವಷ್ಟು ಮಾತ್ರ ಕೊಟ್ಟ. ಕಳಲೆಯ ಕರಾಚೂರಿ ನಂಜರಾಜಯ್ಯ ಆ ಸೆರೆಯಲ್ಲೇ 1773ರಲ್ಲಿ ಸತ್ತ.

ಅರಮನೆಯ ಕಡೆಯ ಕಥೆ ಇನ್ನೂ ಇಪ್ಪತ್ತಾರು ವರ್ಷ ನಡೆಯಿತು. ಇಮ್ಮಡಿ ಕೃಷ್ಣರಾಜನ ಇನ್ನೊಬ್ಬ ರಾಣಿ, ಕತ್ತಿ ಗೋಪಾಲರಾಜ ಅರಸಿನವರ ಮಗಳು ಲಕ್ಷ್ಮಮ್ಮಣ್ಣಿಯವರು, ರಾಜ್ಯವನ್ನು ಮರಳಿ ಪಡೆಯಲು ತಿರುಮಲರಾಯನ ಮೂಲಕ ಮದ್ರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. 1782ರಲ್ಲಿ ಒಪ್ಪಂದವೂ ಆಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮತ್ತೆ ಒಬ್ಬ ಐದು ವರ್ಷದ ಹುಡುಗನಿಗೆ, ಮುಮ್ಮಡಿ ಕೃಷ್ಣರಾಜನಿಗೆ, ಪಟ್ಟವಾಯಿತು. ಆಡಳಿತ ದಿವಾನ ಪೂರ್ಣಯ್ಯನ ಕೈಯಲ್ಲಿ, ಅವನ ಮೇಲೊಬ್ಬ ಬ್ರಿಟಿಷ್ ರೆಸಿಡೆಂಟ್. ಮೊದಲ ಸಲ ಮಗುವನ್ನು ಕೂರಿಸಿದವರು ಕಳಲೆಯವರು, ಎರಡನೆಯ ಸಲ ಕಂಪನಿಯವರು.

ಬೋಧನಾಭ್ಯಾಸದ ಕೊನೆಯ ಶನಿವಾರ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಅದೇ ತರಗತಿಗೆ ಮತ್ತೆ ಹೋದೆ. ದಾರ ಅಂಟಿಸಿದ ಶೀಟನ್ನು ಗೋಡೆಗೆ ಹಾಕಿ, ಬಾಣಗಳ ನನ್ನ ಹಳೆಯ ಚಿತ್ರ ತಪ್ಪೆಂದು ಹೇಳಿದೆ. ಆನೇಕಲ್ ಹೆಸರು ಬಂದಾಗ ಗದ್ದಲವಾಯಿತು. ಪಂಚಾಯ್ತಿ ವಿಚಾರ ತೆಗೆದಿದ್ದ ಹುಡುಗನಿಗೆ, ಅವತ್ತು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಊರಿನ ಹೆಸರು, ಮನೆಯ ಹೆಸರು ಬಿಟ್ಟು ಹೇಳಪ್ಪ ಎಂದೆ. ಎದ್ದು ನಿಂತು ಐದು ನಿಮಿಷ ಹೇಳಿದ. ಆ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಎರಡು ದಾರಗಳನ್ನು ಪೆನ್ನಿನಿಂದ ಬರೆದುಕೊಂಡು, ಮೂರನೆಯದಕ್ಕೆ ಯಾವ ಬಣ್ಣ ಹಾಕಲಿ ಮಿಸ್ ಎಂದಳು.